ಲೆಕ್ಕ ಕೇಳದ ಕನ್ನಡಾಭಿಮಾನ ಯಾರಿಗೆ ಬೇಕು?

(ಬೆಂಗಳೂರು, ಮೈಸೂರು, ಮಂಗಳೂರುಗಳಿಂದ ಸಂಪಾಜೆಗೆ ಬಂದಿದ್ದ ಯುವಕ ಯುವತಿಯರ ಮುಂದೆ ನಿವೃತ್ತ ಶಾಲಾ ಮಾಸ್ತರರೊಬ್ಬರು ಆಡಿದ ಮಾತಿನ ಬರಹರೂಪ)



ಬಸ್ಸಿಳಿದ ಕೂಡಲೇ ನಿಮ್ಮಲ್ಲೊಬ್ಬ ಹುಡುಗ ನನ್ನನ್ನು ಕೇಳಿದ: 'ಸಾರ್, ಇದು ಕೊಡಗೋ, ದಕ್ಷಿಣ ಕನ್ನಡವೋ?' ಒಳ್ಳೆಯ ಪ್ರಶ್ನೆ. ಎರಡೂ ಹೌದು ಮಾರಾಯ! ಸಂಪಾಜೆ ಎಂಬ ಹೆಸರಿನ ಗ್ರಾಮ ಪಂಚಾಯಿತಿ ಇಲ್ಲಿ ಎರಡುಂಟು. ಒಂದು ಕೊಡಗಿನ ಮಡಿಕೇರಿ ತಾಲೂಕಿನದು, ಇನ್ನೊಂದು ದಕ್ಷಿಣ ಕನ್ನಡದ ಸುಳ್ಯ ತಾಲೂಕಿನದು. ಹೆಸರು ಒಂದೇ, ಪಯಸ್ವಿನಿ ಹೊಳೆ ಒಂದೇ, ಹೆಣ್ಣು ಕೊಡುವ ತರುವ ಮನೆಗಳು ಒಂದೇ, ಅಡಿಕೆ ತೋಟಕ್ಕೆ ಬಂದ ಹಳದಿ ಎಲೆ ರೋಗವೂ ಒಂದೇ. ಖಜಾನೆ ಮಾತ್ರ ಬೇರೆ. ಆಚೆಯವರ ಕಡತ ಮಂಗಳೂರಿಗೆ ಇಳಿಯುತ್ತದೆ. ಈಚೆಯವರ ಕಡತ ಘಟ್ಟ ಹತ್ತಿ ಮಡಿಕೇರಿಗೆ ಹೋಗುತ್ತದೆ.

ಈ ಗೆರೆ ಎಳೆದವರು ಯಾರು? ಕುಂಪಣಿ ಸರ್ಕಾರ. 1834ರಲ್ಲಿ ಕೊಡಗನ್ನು ನುಂಗಿದ ಬ್ರಿಟಿಷರು, ಕೊಡಗಿನ ಅರಸರಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಕಡೆಯ ಮಾಗಣೆಗಳನ್ನು ಕತ್ತರಿಸಿ ಕೆನರಾ ಜಿಲ್ಲೆಗೆ ಹೊಲಿದರು. ಅರಸರ ಕಾಲದಲ್ಲಿ ರೈತ ಬೆಳೆದ ಬೆಳೆಯಲ್ಲೇ ಕಂದಾಯ ಸಲ್ಲಿಸುತ್ತಿದ್ದ. ಕುಂಪಣಿಯವರು ನಗದು ಕೇಳಿದರು. ಗದ್ದೆಯಲ್ಲಿ ಭತ್ತ ಬೆಳೆಯುತ್ತದೆ, ರೂಪಾಯಿ ಬೆಳೆಯುತ್ತದೆಯೇ? ಸಿಟ್ಟು ಅಲ್ಲಿಂದ ಹತ್ತಿತು. 1837ರಲ್ಲಿ ಪೂಮಲೆಯ ಕಾಡಿನಿಂದ ಹೊರಟ ಜನ ಬೆಳ್ಳಾರೆಯ ಖಜಾನೆ ಹಿಡಿದರು. ಕೆದಂಬಾಡಿ ರಾಮಯ್ಯ ಗೌಡರ ಮುಂದಾಳತ್ವದಲ್ಲಿ ಮಂಗಳೂರಿಗೆ ನುಗ್ಗಿದರು. ಏಪ್ರಿಲ್ 5ರಂದು ಬಾವುಟಗುಡ್ಡದಲ್ಲಿ ತಮ್ಮ ಬಾವುಟ ಏರಿಸಿ 13 ದಿನ ಆಳಿದರು. ಆಮೇಲೆ ಕುಂಪಣಿಯ ಪಡೆ ಬಂತು. ಅದೇ ವರ್ಷದ ಅಕ್ಟೋಬರ್ 31ರಂದು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು.

ಇದೇನು, ಹರಿಕಥೆಗೆ ಕರೆದಿರಾ ಎನ್ನಬೇಡಿ. ಇದು ಲೆಕ್ಕದ ಜಗಳದ ಕಥೆ. ನಮ್ಮ ಹಣವನ್ನು ಯಾರು, ಯಾವ ರೂಪದಲ್ಲಿ, ಯಾರನ್ನು ಕೇಳಿ ಎತ್ತುತ್ತಾರೆ ಎಂಬ ಪ್ರಶ್ನೆಗೆ ಈ ಸೀಮೆಯ ಜನ ಪ್ರಾಣ ಕೊಟ್ಟರು. 2022ರ ನವೆಂಬರ್ 19ರಂದು ಬಾವುಟಗುಡ್ಡದಲ್ಲಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ನಿಂತಿತು. ನಿಲ್ಲಲೇಬೇಕಿತ್ತು, ನಾನು ಪ್ರತಿಮೆಯ ವಿರೋಧಿಯಲ್ಲ. ನಿಮ್ಮಲ್ಲಿ ಎಷ್ಟು ಜನ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡಿದ್ದೀರಿ? ಕೈ ಎತ್ತಿ. ಸರಿ. ಈಗ, ನಿಮ್ಮೂರಿನ ಗ್ರಾಮಸಭೆಯಲ್ಲಿ ಒಮ್ಮೆಯಾದರೂ ಕೂತವರು ಕೈ ಎತ್ತಿ.

ನೋಡಿದಿರಾ? ಎರಡು ಕೈ! ಅದರಲ್ಲೊಂದು ಬೆನ್ನು ತುರಿಸಿಕೊಳ್ಳಲು ಎತ್ತಿದ್ದು.

ಮೂರು ಚೀಲ, ಮೂರು ಬೀಗ

ಇವತ್ತು ನಾನು ಮೂರು ವಿಷಯ ಹಿಡಿದುಕೊಂಡು ಬಂದಿದ್ದೇನೆ. ಶಾಲೆ, ಪರಂಪರೆ, ಆಟದ ಮೈದಾನ. ಮೂರೂ ನಿಮಗೆ ಪ್ರಿಯವಾದವು. ಕನ್ನಡ ಶಾಲೆ ಉಳಿಸಿ ಎಂದು ಕೂಗುವವರು ನೀವು. ಕೋಟೆ ಕೊತ್ತಲ ಹಾಳಾಯಿತೆಂದು ಮರುಗುವವರು ನೀವು. ಹಾಕಿ ಎಂದರೆ ಕೊಡಗು ಎಂದು ಎದೆ ತಟ್ಟುವವರೂ ನೀವೇ. ಆದರೆ ಈ ಮೂರಕ್ಕೂ ಹಣ ಎಲ್ಲಿಂದ ಬರುತ್ತದೆ, ಯಾವ ದಾರಿಯಲ್ಲಿ ಬರುತ್ತದೆ, ದಾರಿಯಲ್ಲಿ ಎಷ್ಟು ಸೋರುತ್ತದೆ ಎಂದು ಕೇಳಿದರೆ ಆಕಾಶ ನೋಡುತ್ತೀರಿ.

ಶಾಲೆಯ ಹಣದ ಚೀಲ ಶಿಕ್ಷಣ ಇಲಾಖೆಯದು. ಪರಂಪರೆಯ ಚೀಲ ಕೆಲವೆಡೆ ಕೇಂದ್ರದ ಪುರಾತತ್ತ್ವ ಇಲಾಖೆಯದು, ಕೆಲವೆಡೆ ರಾಜ್ಯದ್ದು, ಜೊತೆಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಅಕಾಡೆಮಿಗಳು. ಆಟದ ಚೀಲ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯದು. ಇವುಗಳ ನಡುವೆ ಶಾಸಕರ ನಿಧಿ, ಸಂಸದರ ನಿಧಿ. ಪ್ರತಿ ಚೀಲಕ್ಕೂ ಒಂದು ಬೀಗ, ಒಬ್ಬ ಅಧಿಕಾರಿ, ಒಂದು ಶಂಕುಸ್ಥಾಪನೆ ಕಲ್ಲು, ಆ ಕಲ್ಲಿನ ಮೇಲೆ ಒಂದೂವರೆ ಡಜನ್ ಹೆಸರು. ಒಂದು ಇಲಾಖೆ ಅಗೆದ ಜಾಗದಲ್ಲೇ ಇನ್ನೊಂದು ಇಲಾಖೆ ಕಟ್ಟುತ್ತದೆ. ಒಬ್ಬರಿಗೊಬ್ಬರು ಮಾತಾಡುವುದಿಲ್ಲ.

ಈ ಮೂರೂ ಚೀಲಗಳನ್ನು ಒಟ್ಟಿಗೆ ತಂದು ಒಂದೇ ಜಗಲಿಯಲ್ಲಿ ಬಿಚ್ಚಿ ತೋರಿಸಿ ಎಂದು ಕೇಳಬಹುದಾದ ಜಾಗ ಇಡೀ ವ್ಯವಸ್ಥೆಯಲ್ಲಿ ಒಂದೇ ಒಂದು. ಅದು ವಿಧಾನಸೌಧವಲ್ಲ. ಮಂತ್ರಿ ಮಹಾಶಯರ ಜನತಾ ದರ್ಶನವೂ ಅಲ್ಲ. ಅದು ಗ್ರಾಮಸಭೆ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಯಾರು ಬೇಕಾದರೂ ಎದ್ದು ನಿಂತು ಕೇಳಬಹುದಾದ ಸಭೆ. 1993ರ ನಮ್ಮ ಪಂಚಾಯತ್ ರಾಜ್ ಕಾನೂನು ಆರು ತಿಂಗಳಿಗೊಮ್ಮೆಯಾದರೂ ಅದು ಸೇರಲೇಬೇಕು ಎನ್ನುತ್ತದೆ. ಅದಕ್ಕೂ ಮೊದಲು ವಾರ್ಡು ಸಭೆ ನಡೆಯಬೇಕು. ವರ್ಷಕ್ಕೊಮ್ಮೆ ಜಮಾಬಂದಿ, ಅಂದರೆ ಮುಗಿದ ಕಾಮಗಾರಿಗಳನ್ನೂ ಅವುಗಳ ಲೆಕ್ಕವನ್ನೂ ಊರಿನವರ ಎದುರಿಗೇ ಪರಿಶೀಲಿಸುವ ದಿನ, ನಡೆಯಬೇಕು. ಈ ನಾಡಿಗೆ ಇದು ಹೊಸತೇನಲ್ಲ. ಅಬ್ದುಲ್ ನಜೀರ್ ಸಾಬರು 1983ರ ಕಾನೂನು ತಂದು, 1987ರಲ್ಲಿ ಚುನಾವಣೆ ನಡೆದು, ಮಂಡಲ ಪಂಚಾಯಿತಿಗೂ ಜಿಲ್ಲಾ ಪರಿಷತ್ತಿಗೂ ಜೀವ ಬಂದಾಗ ಕೇರಳದವರು, ಬಂಗಾಳದವರು ನಮ್ಮ ಕಡೆ ತಿರುಗಿ ನೋಡಿದರು. ಸಂವಿಧಾನದ 73ನೇ ತಿದ್ದುಪಡಿಗಿಂತ ಮೊದಲೇ ನಾವು ಆ ದಾರಿಯಲ್ಲಿ ನಡೆದಿದ್ದೆವು. ಈಗ?

ಇನ್ನೊಂದು ಮಾತು. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿಯಿದೆ. 17ನೆಯದು ಶಾಲೆ. 20 ಗ್ರಂಥಾಲಯ, 21 ಸಾಂಸ್ಕೃತಿಕ ಚಟುವಟಿಕೆ. ಕ್ರೀಡೆ ಎಂಬ ಶಬ್ದವನ್ನು ಹುಡುಕಿ, ಇಲ್ಲ. ಸ್ಮಾರಕ ಎಂಬ ಶಬ್ದವೂ ಇಲ್ಲ. ಅಧಿಕಾರಿಗಳು ಇದನ್ನೇ ಹಿಡಿದು 'ಇದು ನಿಮ್ಮ ವ್ಯಾಪ್ತಿಗೆ ಬರುವುದಿಲ್ಲ' ಎಂದು ಬಾಯಿ ಮುಚ್ಚಿಸುತ್ತಾರೆ. ನೀವು ಕೊನೆಯ ಸಾಲು ಓದಿ. 29ನೆಯದು ಸಮುದಾಯದ ಆಸ್ತಿಗಳ ನಿರ್ವಹಣೆ. ಊರ ಮೈದಾನ ಯಾರ ಆಸ್ತಿ? ಊರ ಹಳೆಯ ಕಟ್ಟೆ, ಕೆರೆ ಯಾರದ್ದು? ಆ ಸಾಲನ್ನು ಹಿಡಿದು ಕೇಳಿ.

'ಬರೆ ಬದಿಯ ಗೋಡೆ ಎಲ್ಲುಂಟು ಸಾರ್?'

ಈಗ ಶಾಲೆಗೆ ಬರುತ್ತೇನೆ. ನನಗೆ ಗೊತ್ತಿರುವುದು ಅದೇ.

2018ರ ಆಗಸ್ಟ್ ತಿಂಗಳಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಜಾರಿತು. ಮಡಿಕೇರಿ ರಸ್ತೆ ಕಡಿದುಹೋಯಿತು. ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟು ಓಡಿಬಂದವರು ಮಲಗಿದ್ದೆಲ್ಲಿ? ಸಂಪಾಜೆ, ಕಲ್ಲುಗುಂಡಿ, ಅರಂತೋಡು ಕಡೆಯ ಶಾಲೆಗಳಲ್ಲಿ, ಸಭಾಭವನಗಳಲ್ಲಿ. 2022ರ ಜೂನ್ ಕೊನೆಗೆ ಚೆಂಬು, ಸಂಪಾಜೆ ಸುತ್ತ ನೆಲವೇ ನಡುಗಿತು. ಆಗಸ್ಟ್ ಮೊದಲ ವಾರ ಪಯಸ್ವಿನಿ ಉಕ್ಕಿ ಕೊಯನಾಡು, ಕಲ್ಲುಗುಂಡಿಯ ಮನೆಗಳಿಗೆ ನೀರು ನುಗ್ಗಿತು. ಇಲ್ಲಿ ಶಾಲೆ ಎಂದರೆ ಅ ಆ ಇ ಈ ಕಲಿಸುವ ಜಾಗ ಮಾತ್ರವಲ್ಲ. ಊರಿಗೆ ಊರೇ ಜೀವ ಉಳಿಸಿಕೊಳ್ಳುವ ಸೂರು. ಆ ಸೂರಿನ ಹಿಂದೆ ಬರೆ ನಿಂತಿರುತ್ತದೆ. ಬರೆ ಎಂದರೆ ನಿಮಗೆ ಗೊತ್ತಿಲ್ಲದಿರಬಹುದು: ಗುಡ್ಡ ಕಡಿದು ಜಾಗ ಸಮ ಮಾಡಿದಾಗ ಹಿಂಬದಿಯಲ್ಲಿ ಗೋಡೆಯಂತೆ ಉಳಿಯುವ ಮಣ್ಣಿನ ಕಡಿತ. ಮಳೆಗಾಲದಲ್ಲಿ ಘಟ್ಟದ ತಾಯಂದಿರಿಗೆ ನಿದ್ದೆ ಕೆಡಿಸುವುದು ಈ ಬರೆ.

ಘಟ್ಟದ ಬುಡದ ಒಂದು ಶಾಲೆ. ಹೆಸರು ಬೇಡ. ಆ ಊರಿನ ಗ್ರಾಮಸಭೆಗೆ ನಾನೂ ಹೋಗಿದ್ದೆ. ಮನೆ ಮಂಜೂರಾತಿ ಪಟ್ಟಿ ಓದಿ ಮುಗಿಸಿದ ಕೂಡಲೇ ಅರ್ಧ ಜನ ಎದ್ದುಹೋದರು. ಇಂಜಿನಿಯರು ಶಾಲೆಯ ದುರಸ್ತಿಗೆ ಹಣ ಬಂದಿದೆ, ಅಂದಾಜು ಪಟ್ಟಿ ತಯಾರಾಗಿದೆ ಎಂದು ಹೇಳಿ ಕಡತ ಮುಚ್ಚಲು ಹೊರಟರು. ಹಿಂದಿನ ಬೆಂಚಿನಿಂದ ಒಬ್ಬ ಹೆಣ್ಣುಮಗಳು ಎದ್ದಳು. ಬೆಳಿಗ್ಗೆ ರಬ್ಬರ್ ಟ್ಯಾಪಿಂಗ್ ಮುಗಿಸಿ ಬಂದವಳು, ಕೈಯಲ್ಲಿ ಇನ್ನೂ ಹಾಲಿನ ಕಲೆ. ಶಾಲಾಭಿವೃದ್ಧಿ ಸಮಿತಿಯ ಸದಸ್ಯೆ.

'ಅದನ್ನು ಒಮ್ಮೆ ಓದಿ ಹೇಳಿ ಸಾರ್' ಎಂದಳು.

ಇಂಜಿನಿಯರು ಓದಿದರು. 'ಪ್ರೊವೈಡಿಂಗ್ ಆ್ಯಂಡ್ ಫಿಕ್ಸಿಂಗ್... ಪ್ರೊವೈಡಿಂಗ್ ಆ್ಯಂಡ್ ಲೇಯಿಂಗ್...' ಮಂತ್ರ ಹೇಳಿದ ಹಾಗೆ. ಸಭೆ ಕಣ್ಣು ಪಿಳಿಪಿಳಿ ಬಿಟ್ಟಿತು. ಅವಳು ಕೂರಲಿಲ್ಲ. 'ಕನ್ನಡದಲ್ಲಿ ಓದಿ ಸಾರ್.' ಅವರಿಗೆ ಕನ್ನಡ ಬಾರದೆ ಏನಿಲ್ಲ, ಮನೆಮಾತೇ ಕನ್ನಡ. ಕಾಗದದಲ್ಲಿ ಕನ್ನಡ ಇರಲಿಲ್ಲ ಅಷ್ಟೆ. ಕೊನೆಗೆ ನಾನೇ ಕಡತ ತೆಗೆದುಕೊಂಡು ಸಾಲು ಸಾಲಾಗಿ ಕನ್ನಡ ಮಾಡಿ ಹೇಳಿದೆ. ಗೋಡೆಗೆ ಬಣ್ಣ. ನೆಲಕ್ಕೆ ಹೊಸ ಹಾಸು. ಕಿಟಕಿಗೆ ಗಾಜು. ಶಾಲೆಯ ಎದುರು ಸ್ವಾಗತ ಕಮಾನು, ಕಮಾನಿನ ಮೇಲೆ ಹೆಸರಿನ ಫಲಕ.

'ಬರೆ ಬದಿಯ ಗೋಡೆ ಎಲ್ಲುಂಟು ಸಾರ್?'

ಇರಲಿಲ್ಲ. ಹೋದ ಮಳೆಗಾಲದಲ್ಲಿ ಮಣ್ಣು ಬಂದು ಮೂರನೇ ತರಗತಿಯ ಗೋಡೆಗೆ ಒರಗಿ ನಿಂತಿತ್ತು, ಮಕ್ಕಳನ್ನು ಜಗಲಿಯಲ್ಲಿ ಕೂರಿಸಿ ಪಾಠ ಮಾಡಿದ್ದರು. ಆದರೂ ಪಟ್ಟಿಯಲ್ಲಿ ತಡೆಗೋಡೆ ಇಲ್ಲ, ಕಮಾನು ಇದೆ! 'ಈ ಹೆಡ್ಡಿನಲ್ಲಿ ತಡೆಗೋಡೆ ಬರುವುದಿಲ್ಲಮ್ಮ' ಎಂದರು ಇಂಜಿನಿಯರು. 'ಹಾಗಾದರೆ ಕಮಾನು ಹೇಗೆ ಬಂತು ಸಾರ್?' ಎಂದಳು ಅವಳು. ಸಭೆಯಲ್ಲಿ ಮೊದಲ ಬಾರಿಗೆ ನಗು ಕೇಳಿಸಿತು. ಆಮೇಲೆ ನಗು ನಿಂತು ಗಲಾಟೆ ಶುರುವಾಯಿತು. ಎದ್ದುಹೋದವರು ಚಾ ಅಂಗಡಿಯಿಂದ ವಾಪಸು ಬಂದರು. ನಡಾವಳಿ ಪುಸ್ತಕದಲ್ಲಿ ಕಮಾನು ಬಿಟ್ಟು ಮೊದಲು ತಡೆಗೋಡೆ ಎಂದು ಬರೆಸಿ, ಓದಿಸಿ, ಸಹಿ ಹಾಕಿಸಿಯೇ ಜನ ಮನೆಗೆ ಹೋದದ್ದು.

ಆ ಹೆಣ್ಣುಮಗಳಿಗೆ ಕಾನೂನಿನ ಬಲ ಎಷ್ಟಿತ್ತು ಎಂದು ನೀವು ಕೇಳಬೇಕು. ಕರ್ನಾಟಕದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಬಂದದ್ದು 2001ರಲ್ಲಿ, ರಾಜಾ ರಾಮಣ್ಣ ಕಾರ್ಯಪಡೆಯ ಮಾತು ಕೇಳಿ. ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ. ಅದರ 21ನೇ ಕಲಮು ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳೇ ಇರಬೇಕು, ಅರ್ಧ ಮಹಿಳೆಯರಿರಬೇಕು ಎನ್ನುತ್ತದೆ. 22ನೇ ಕಲಮು ಇನ್ನೂ ಗಟ್ಟಿ: ಸಮಿತಿ ತಯಾರಿಸುವ ಶಾಲಾ ಅಭಿವೃದ್ಧಿ ಯೋಜನೆಯೇ ಸರ್ಕಾರದ, ಸ್ಥಳೀಯ ಸಂಸ್ಥೆಯ ಯೋಜನೆಗೂ ಅನುದಾನಕ್ಕೂ ಆಧಾರವಾಗಬೇಕು. ಯೋಜನೆ ಕೆಳಗಿನಿಂದ ಮೇಲೆ ಹೋಗಬೇಕು, ಹಣ ಮೇಲಿನಿಂದ ಕೆಳಗೆ ಬರಬೇಕು. ನಮ್ಮಲ್ಲಿ ಎರಡೂ ಮೇಲಿನಿಂದಲೇ ಉದುರುತ್ತವೆ. ಸಮಿತಿಯ ಸಹಿ ಮಾತ್ರ ಕೆಳಗಿನಿಂದ ಹೋಗುತ್ತದೆ, ಅದೂ ಖಾಲಿ ಹಾಳೆಯ ಮೇಲೆ!

ಕನ್ನಡ ಶಾಲೆ ಯಾಕೆ ಮುಚ್ಚುತ್ತದೆ ಎಂದು ನೀವು ಪುಟಗಟ್ಟಲೆ ಬರೆಯುತ್ತೀರಿ. 2014ರಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದ್ದು, 2019ರಲ್ಲಿ ಸರ್ಕಾರಿ ಶಾಲೆಗಳಲ್ಲೇ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆದದ್ದು, ಎಲ್ಲ ಸರಿ. ಆದರೆ ಸೋರುವ ಮಾಡಿನ ಕೆಳಗೆ, ಜಾರುವ ಬರೆಯ ಪಕ್ಕದಲ್ಲಿ ಯಾವ ತಾಯಿ ಮಗುವನ್ನು ಬಿಡುತ್ತಾಳೆ? ಇಲ್ಲಿ ಅಡಿಕೆ ಹಳದಿಯಾಯಿತು, ತೋಟ ಒಣಗಿತು, ದುಡಿಯುವ ಹುಡುಗರು ನಿಮ್ಮ ಬೆಂಗಳೂರಿಗೆ ಬಂದರು. ಉಳಿದ ನಾಲ್ಕು ಮಕ್ಕಳ ಶಾಲೆಗೆ 'ದಾಖಲಾತಿ ಕಡಿಮೆ' ಎಂಬ ಷರಾ. ಆ ಷರಾ ಬರೆಯುವ ಮೊದಲು ಹತ್ತು ವರ್ಷ ಆ ಶಾಲೆಗೆ ಬಂದ ಹಣ ಎಷ್ಟು, ಹೋದದ್ದೆಲ್ಲಿಗೆ ಎಂದು ಕೇಳಿದ ಒಬ್ಬ ಕನ್ನಡ ಹೋರಾಟಗಾರನನ್ನು ನನಗೆ ತೋರಿಸಿ.

ಶಾಲೆಯದೇ ಮಾತಲ್ಲ. ಕೊಯನಾಡಿನಲ್ಲಿ ಹೊಳೆಗೆ ಕಿಂಡಿ ಅಣೆಕಟ್ಟು ಕಟ್ಟಿದರು. ನೀರು ನಿಲ್ಲಿಸಲು ಎಂದೇ ಕಟ್ಟಿದ್ದು, ಉದ್ದೇಶ ಒಳ್ಳೆಯದೇ. 2022ರ ನೆರೆಯಲ್ಲಿ ತೇಲಿಬಂದ ಮರದ ದಿಮ್ಮಿಗಳು ಕಿಂಡಿಗಳಿಗೆ ಸಿಕ್ಕಿಕೊಂಡವು, ಹೊಳೆ ಮನೆ ತೋಟಗಳ ಕಡೆ ತಿರುಗಿತು ಎಂಬುದು ಅಲ್ಲಿಯವರ ದೂರು. ಅದನ್ನು ಒಡೆಯಿರಿ ಎಂದು ಬೇಡಿಕೆ ಇಟ್ಟರು. ಕಟ್ಟಲು ಒಂದು ಲೆಕ್ಕ, ಒಡೆಯಲು ಇನ್ನೊಂದು ಲೆಕ್ಕ! ಮಳೆಗಾಲದಲ್ಲಿ ಈ ಹೊಳೆ ನೀರನ್ನು ಮಾತ್ರ ತರುವುದಿಲ್ಲ, ಕಾಡನ್ನೇ ಹೊತ್ತು ತರುತ್ತದೆ ಎಂಬುದು ದಡದಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಆ ಮಗುವಿನ ಅಜ್ಜನನ್ನು ನಕ್ಷೆ ಬರೆಯುವ ಮುಂಚೆ ಒಮ್ಮೆ ಕೇಳಬೇಕಿತ್ತು.

ಸಮತಟ್ಟು ನೆಲದ ಬೆಲೆ

ಮೈದಾನದ ವಿಷಯ. ನೀವು ಬಯಲುಸೀಮೆಯವರಿಗೆ ಇದು ಅರ್ಥವಾಗುವುದು ಕಷ್ಟ. ಘಟ್ಟದಲ್ಲಿ ಸಮತಟ್ಟು ನೆಲ ಎಂದರೆ ಚಿನ್ನ. ಒಂದೋ ಅದು ಗದ್ದೆ, ಇಲ್ಲವೇ ಹೆದ್ದಾರಿ ಬದಿ, ಇಲ್ಲವೇ ಶಾಲೆಯ ಅಂಗಳ. ಹಾಗಾಗಿ ಯಾವ ಯೋಜನೆ ಬಂದರೂ ಎಲ್ಲರ ಕಣ್ಣು ಮೊದಲು ಬೀಳುವುದು ಶಾಲೆಯ ಅಂಗಳದ ಮೇಲೆ. ಸಭಾಭವನಕ್ಕೆ ಅಲ್ಲಿಂದ ಒಂದು ತುಂಡು, ನೀರಿನ ಟ್ಯಾಂಕಿಗೆ ಒಂದು ತುಂಡು. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಗೂ ಆಟದ ಮೈದಾನ ಇರಲೇಬೇಕು ಎಂದು ಬರೆದಿದೆ. ಬರೆದದ್ದು ಬರೆದ ಹಾಗೇ ಉಂಟು, ಅಂಗಳ ಮಾತ್ರ ಚಿಕ್ಕದಾಗುತ್ತಾ ಹೋಯಿತು.

ಕೊಡಗಿನ ಆಟದ ಹಿರಿಮೆ ನಾನು ಹೇಳಬೇಕೇ? 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಕುಟುಂಬಗಳನ್ನು ಸೇರಿಸಿ ಕೊಡವ ಕೌಟುಂಬಿಕ ಹಾಕಿ ಶುರುಮಾಡಿದರು. 2024ರಲ್ಲಿ ನಾಪೋಕ್ಲಿನಲ್ಲಿ 360 ಕುಟುಂಬಗಳು ಆಡಿದವು, 2025ರಲ್ಲಿ ಮಡಿಕೇರಿಯಲ್ಲಿ 396. ಪ್ರತಿ ವರ್ಷ ಒಂದೊಂದು ಕುಟುಂಬ ಹೊಣೆ ಹೊತ್ತು ನಡೆಸುವ ಹಬ್ಬ ಅದು. ಊರಿನ ಜನ ಕಣ್ಣಿಟ್ಟು ನೋಡುವ ಹಣ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ನಾನು ಇದಕ್ಕಿಂತ ಒಳ್ಳೆಯ ಉದಾಹರಣೆ ಕಂಡಿಲ್ಲ. ಹೊಣೆ ಹೊತ್ತ ಮನೆಯ ಹೆಸರು ಕಪ್ಪಿನ ಮೇಲೆಯೇ ಇರುತ್ತದೆಯಲ್ಲ, ಲೆಕ್ಕ ತಪ್ಪಿದರೆ ಮುಖ ಎಲ್ಲಿ ಮುಚ್ಚಿಕೊಳ್ಳುವುದು?

ಸರ್ಕಾರದ ಮೈದಾನಕ್ಕೆ ಬನ್ನಿ. ಮೊದಲು ಗ್ಯಾಲರಿ ಕಟ್ಟುತ್ತಾರೆ. ಕೂರುವ ಜಾಗ ಮೊದಲು, ಆಡುವ ಜಾಗ ಆಮೇಲೆ! ಗ್ಯಾಲರಿಯಲ್ಲಿ ಕಬ್ಬಿಣ, ಸಿಮೆಂಟು ಉಂಟು. ಸಿಮೆಂಟು ಇದ್ದಲ್ಲಿ ಪುಢಾರಿಯ ಬಾಲಬಡುಕ ಉಂಟು. ನೀರು ಹರಿದುಹೋಗುವ ಚರಂಡಿಗೆ ಯಾರೂ ದುಡ್ಡು ಇಡುವುದಿಲ್ಲ, ಯಾಕೆಂದರೆ ಚರಂಡಿಯ ಮುಂದೆ ರಿಬ್ಬನ್ ಕತ್ತರಿಸಲು ಆಗುವುದಿಲ್ಲ. ಮಳೆ ಸುರಿದರೆ ನಮ್ಮ ಮೈದಾನ ಗದ್ದೆ. ಟೆಂಡರ್ ಕರೆಯಬೇಕಾಗುತ್ತದೆಂದು ಒಂದೇ ಕೆಲಸವನ್ನು ಚಿಕ್ಕ ಚಿಕ್ಕದಾಗಿ ಒಡೆದು ತುಂಡು ಗುತ್ತಿಗೆ ಕೊಡುವ ವಿದ್ಯೆ ಕರ್ನಾಟಕದ ಯಾವ ಊರಿಗೂ ಹೊಸತಲ್ಲ. 1999ರ ಪಾರದರ್ಶಕ ಕಾಯ್ದೆಯಲ್ಲಿ 4(ಜಿ) ಎಂಬ ಕಿಟಕಿಯೊಂದಿದೆ, ಟೆಂಡರ್ ಇಲ್ಲದೆ ಕೆಲಸ ವಹಿಸಲು ವಿನಾಯಿತಿ ಕೊಡುವ ಕಿಟಕಿ. ತುರ್ತಿಗೆ ಇಟ್ಟ ಕಿಟಕಿ ಈಗ ಹೆಬ್ಬಾಗಿಲಾಗಿದೆ.

2005ರ ಉದ್ಯೋಗ ಖಾತರಿ ಕಾಯ್ದೆಯ ಕಾಲದಲ್ಲಿ ಆಟದ ಮೈದಾನವೂ ಕಾಮಗಾರಿಗಳ ಪಟ್ಟಿಯಲ್ಲಿ ಸೇರಿತ್ತು. ಅದರ 17ನೇ ಕಲಮು ಸಾಮಾಜಿಕ ಲೆಕ್ಕಪರಿಶೋಧನೆಯ ಅಧಿಕಾರವನ್ನು ಗ್ರಾಮಸಭೆಗೇ ಕೊಟ್ಟಿತ್ತು. ಎಷ್ಟು ಊರುಗಳಲ್ಲಿ ಟೇಪು ಹಿಡಿದು ಮೈದಾನ ಅಳೆದರು? ಅಳೆದ ಊರುಗಳಲ್ಲಿ ಅಳತೆ ಪುಸ್ತಕದ ಮೈದಾನ ಒಂದು, ನೆಲದ ಮೇಲಿನ ಮೈದಾನ ಇನ್ನೊಂದು ಎಂದು ಗೊತ್ತಾದ ಪ್ರಸಂಗ ನಾನೇ ಕಂಡಿದ್ದೇನೆ.

ಅರಮನೆಯೊಳಗಿನ ಕಚೇರಿ

ಪರಂಪರೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಡಿಕೇರಿ ಕೋಟೆಗೆ ಹೋಗಿ ನೋಡಿ. 19ನೇ ಶತಮಾನದ ಆರಂಭದಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಅರಮನೆ. ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. ಅದರೊಳಗೇ ದಶಕಗಳ ಕಾಲ ಸರ್ಕಾರಿ ಕಚೇರಿಗಳು ನಡೆದವು, ಜಿಲ್ಲಾ ಪಂಚಾಯಿತಿಯೂ ಕೋಟೆಯೊಳಗೇ ಸಭೆ ಸೇರಿತು. ಜಿಲ್ಲೆಯ ಯೋಜನೆಗಳ ಪರಿಶೀಲನೆ ನಡೆಸುವವರ ತಲೆಯ ಮೇಲಿನ ಮಾಡೇ ಸೋರಿತು! ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೈಕೋರ್ಟಿಗೆ ಹೋಗಬೇಕಾಯಿತು. ಆಮೇಲೆ ಕಚೇರಿಗಳು ಹೊರಬಂದವು. ಮಾಡು ಸೋರುತ್ತಿದೆ ಎಂದು ಸಭೆಯ ನಡಾವಳಿಯಲ್ಲಿ ಬರೆದು, ಬೆನ್ನು ಹತ್ತಿ, ಹಣ ಹಾಕಿಸಿದ್ದರೆ ನ್ಯಾಯಾಲಯದ ಮೆಟ್ಟಿಲು ಹತ್ತುವ ಗತಿ ಯಾಕೆ ಬರುತ್ತಿತ್ತು?

ಸ್ಮಾರಕದ ಸುತ್ತ 100 ಮೀಟರ್ ಕಟ್ಟಡ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಣ ಎಂದು 2010ರ ತಿದ್ದುಪಡಿ ಹೇಳುತ್ತದೆ. ಅದು ಪಟ್ಟಿಯಲ್ಲಿರುವ ಸ್ಮಾರಕಕ್ಕೆ. ಪಟ್ಟಿಯಲ್ಲಿಲ್ಲದ ನಮ್ಮ ಐನ್‌ಮನೆ, ದೇವರಕಾಡು, ವೀರಗಲ್ಲು, ಹಳೇ ಸಂಕಗಳನ್ನು ಬರೆದಿಟ್ಟವರು ಯಾರು? ಪಂಚಾಯಿತಿಯ ಆಸ್ತಿ ವಹಿಯಲ್ಲಿ ಬೋರ್‌ವೆಲ್ ಪಂಪಿಗೆ ಒಂದು ಸಾಲುಂಟು, ಇವುಗಳಿಗೆ ಇಲ್ಲ. ವಹಿಯಲ್ಲಿ ಇಲ್ಲದ್ದನ್ನು ಜೆಸಿಬಿ ಒಂದು ರಾತ್ರಿಯಲ್ಲಿ ಸಮ ಮಾಡಿದರೆ ಕೇಳಲು ದಾಖಲೆಯೇ ಇಲ್ಲ.

ಕುರ್ಚಿಯೇ ಖಾಲಿ

ಕೇಳುವವರು ಯಾರು ಎಂದರೆ, ಕುರ್ಚಿಯೇ ಖಾಲಿ. ನಮ್ಮ ಜಿಲ್ಲಾ, ತಾಲೂಕು ಪಂಚಾಯಿತಿಗಳಿಗೆ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ಕೋರ್ಟು ಎಂದು ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಯೋಜನೆ ಮಾಡಿದವರೂ ಅಧಿಕಾರಿಗಳೇ, ಮಂಜೂರು ಮಾಡಿದವರೂ ಅಧಿಕಾರಿಗಳೇ, ಪರಿಶೀಲಿಸಿದವರೂ ಅವರೇ. ತಾನೇ ಪ್ರಶ್ನೆಪತ್ರಿಕೆ ಬರೆದು, ತಾನೇ ಉತ್ತರಿಸಿ, ತಾನೇ ಅಂಕ ಹಾಕಿಕೊಂಡ ವಿದ್ಯಾರ್ಥಿಯನ್ನು ನನ್ನ ಸರ್ವಿಸಿನಲ್ಲಿ ನಾನು ನೋಡಿಲ್ಲ!

ನಗಬೇಡಿ ಬೆಂಗಳೂರಿನವರೇ. ನಿಮ್ಮ ಮಹಾನಗರ ಪಾಲಿಕೆಯ ಸಭೆಯ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಅಲ್ಲೂ ವರ್ಷಗಟ್ಟಲೆ ಚುನಾಯಿತರಿಲ್ಲದೆ ಕೋಟಿ ಕೋಟಿ ಬಜೆಟ್ ಪಾಸಾಯಿತು. ನಿಮ್ಮ ಬೀದಿಯ ಕನ್ನಡ ಶಾಲೆಯ ಮೈದಾನ ವಾಹನ ನಿಲ್ಲಿಸುವ ಜಾಗವಾದಾಗ ನೀವು ಯಾರನ್ನು ಕೇಳಿದಿರಿ? ಟ್ವಿಟ್ಟರಿನಲ್ಲಿ ಹ್ಯಾಷ್‌ಟ್ಯಾಗ್ ಹಾಕಿದಿರಿ. ಒಳ್ಳೆಯದೇ. ನಡಾವಳಿ ಪುಸ್ತಕದಲ್ಲಿ ಒಂದು ಸಾಲು ಬರೆಸಿದಿರಾ?

ಈ ಪಯಸ್ವಿನಿ ಸುಳ್ಯ ದಾಟಿ ಕಾಸರಗೋಡಿಗೆ ಹೋಗಿ ಚಂದ್ರಗಿರಿಯಾಗುತ್ತದೆ. 1967ರಲ್ಲಿ ಮಹಾಜನ ಆಯೋಗ ಕಾಸರಗೋಡಿನ ಯಾವ ಭಾಗ ನಮಗೆ ಸೇರಬೇಕೆಂದು ಹೇಳುವಾಗ ಗೆರೆಯಾಗಿ ಹಿಡಿದದ್ದು ಇದೇ ಹೊಳೆಯನ್ನು. ಕಾಸರಗೋಡಿನ ಕನ್ನಡ ಮಾಧ್ಯಮಕ್ಕೆ ಕನ್ನಡ ಬಾರದ ಶಿಕ್ಷಕರನ್ನು ತಂದು ಕೂರಿಸಿದಾಗ ನಾವು ಕೂಗಿದ್ದೇವೆ. ಕೂಗಲೇಬೇಕು. ಆದರೆ ಒಂದು ಸತ್ಯವನ್ನೂ ಹೇಳಬೇಕಲ್ಲ. 1996ರಲ್ಲಿ ಕೇರಳ ಸರ್ಕಾರ ಜನಕೀಯ ಆಸೂತ್ರಣ ಎಂದು ಜನರ ಯೋಜನೆ ಶುರುಮಾಡಿ, ರಾಜ್ಯದ ಯೋಜನಾ ಹಣದ ಮೂರನೇ ಒಂದು ಪಾಲಿಗೂ ಮಿಗಿಲಾಗಿ ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿತು. ಹಣ ಕೈಗೆ ಬಂದ ಮೇಲೆ ಸಭೆಗೆ ಜನ ಬಂದರು. ಬ್ರೆಜಿಲ್ ದೇಶದ ಪೋರ್ಟೊ ಅಲೆಗ್ರೆ ನಗರದಲ್ಲಿ 1989ರಿಂದ ಬೀದಿಬೀದಿಯ ಜನ ಕೂತು ಪಾಲಿಕೆಯ ಬಜೆಟ್ಟಿನಲ್ಲಿ ಯಾವುದು ಮೊದಲು ಯಾವುದು ಆಮೇಲೆ ಎಂದು ಗೊತ್ತುಮಾಡಿದರು. ನಮ್ಮ ಪಂಚಾಯಿತಿಗಳ ಕೈಗೆ ಸಿಗುವುದು ಚಿಲ್ಲರೆ, ಅದೂ ಕಟ್ಟುಪಾಡಿನ ಚಿಲ್ಲರೆ. 2021ರಿಂದ 2026ರ ಅವಧಿಗೆ ಹದಿನೈದನೇ ಹಣಕಾಸು ಆಯೋಗ ಗೊತ್ತುಮಾಡಿದ ಅನುದಾನದಲ್ಲಿ ನೂರಕ್ಕೆ 60 ಪಾಲು ನೀರಿಗೂ ನೈರ್ಮಲ್ಯಕ್ಕೂ ಮೀಸಲು. ಉಳಿದ 40ರಲ್ಲಿ ಶಾಲೆಯೂ ಬಾ, ಮೈದಾನವೂ ಬಾ, ದಾರಿದೀಪವೂ ಬಾ!

ಇಷ್ಟು ಕೇಳಿ ನೀವು ಏನು ಮಾಡಬೇಕು? ನಿಮ್ಮಲ್ಲಿ ಬಹಳ ಮಂದಿಯ ಮತ ಇನ್ನೂ ಊರಿನಲ್ಲೇ ಇದೆ. ದೀಪಾವಳಿಗೆ, ಜಾತ್ರೆಗೆ ಬರುತ್ತೀರಿ. ಗ್ರಾಮಸಭೆಯ ದಿನಕ್ಕೂ ಬನ್ನಿ. ಬರುವ ಮೊದಲು ನಿಮ್ಮ ಪಂಚಾಯಿತಿಯ ವಾರ್ಷಿಕ ಯೋಜನೆಯನ್ನು ಇ-ಗ್ರಾಮಸ್ವರಾಜ್ ತಾಣದಲ್ಲಿ ಮೊಬೈಲಿನಲ್ಲೇ ನೋಡಿಕೊಳ್ಳಿ. ಸಿಗದ ಕಾಗದಕ್ಕೆ 10 ರೂಪಾಯಿ ಕಟ್ಟಿ 2005ರ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಕರ್ನಾಟಕದಲ್ಲಿ ಒಂದೇ ವಿಷಯ, 150 ಪದದೊಳಗೆ ಎಂಬ ನಿಯಮ ಮಾಡಿದ್ದಾರೆ, ಹಾಗಾಗಿ ಭಾಷಣ ಬಿಗಿಯಬೇಡಿ. ಅಂದಾಜು ಪಟ್ಟಿ ಕೊಡಿ, ಅಳತೆ ಪುಸ್ತಕದ ನಕಲು ಕೊಡಿ, ಇಷ್ಟೇ ಬರೆಯಿರಿ.

ಇನ್ನು ಕನ್ನಡದ ಕೆಲಸ. ನಿಜವಾದ ಕನ್ನಡದ ಕೆಲಸ ಹೇಳುತ್ತೇನೆ ಕೇಳಿ. 1963ರಲ್ಲೇ ರಾಜಭಾಷಾ ಕಾಯ್ದೆ ಬಂತು. ಅರವತ್ತು ವರ್ಷ ಕಳೆದರೂ ಶಾಲೆಯ ಗೋಡೆಯ ಅಂದಾಜು ಪಟ್ಟಿ ಆ ಶಾಲೆಯ ತಾಯಂದಿರು ಓದಲಾಗದ ಭಾಷೆಯಲ್ಲಿ ಬರುತ್ತದೆ. ನಾಮಫಲಕ ಕನ್ನಡದಲ್ಲಿದೆಯೇ ಎಂದು ಅಂಗಡಿ ಅಂಗಡಿ ಸುತ್ತುವ ನಾವು ಈ ಕಾಗದವನ್ನು ಕನ್ನಡದಲ್ಲಿ ಕೊಡಿ ಎಂದು ಎಂದಾದರೂ ಧರಣಿ ಕೂತಿದ್ದೇವೆಯೇ? ಫಲಕ ಬದಲಾದರೆ ಅಂಗಡಿಯವನಿಗೆ ಬಣ್ಣದ ಖರ್ಚು. ಅಂದಾಜು ಪಟ್ಟಿ ಕನ್ನಡವಾದರೆ ಕಮಾನಿನ ದುಡ್ಡು ತಿನ್ನುವವನಿಗೆ ಹೊಟ್ಟೆಯ ಖರ್ಚು. ಅದಕ್ಕೇ ಅದು ಕನ್ನಡವಾಗುವುದಿಲ್ಲ. ಇಲ್ಲಿ ಕೂತವರಲ್ಲಿ ಇಂಜಿನಿಯರಿಂಗ್ ಓದಿದವರು ಅರ್ಧಕ್ಕಿಂತ ಹೆಚ್ಚು. ಒಂದು ಭಾನುವಾರ ಕೂತು ಒಂದು ಶಾಲೆಯ ಅಂದಾಜು ಪಟ್ಟಿಯನ್ನು ಅಡುಗೆಯವಳಿಗೂ ಅರ್ಥವಾಗುವ ಕನ್ನಡಕ್ಕೆ ತಂದು, ನೂರು ಪ್ರತಿ ಜೆರಾಕ್ಸ್ ಮಾಡಿ, ಸಭೆಗೆ ಮುಂಚೆ ಹಂಚಿ ನೋಡಿ.

ಆ ಹೆಣ್ಣುಮಗಳ ಗೋಡೆ ಏನಾಯಿತು ಎಂದು ಮುಂದಿನ ಸಾಲಿನವರು ಆಗಿನಿಂದ ಕೇಳುತ್ತಿದ್ದೀರಿ. ನಡಾವಳಿ ಮೇಲಕ್ಕೆ ಹೋಯಿತು, ಷರಾ ಹೊತ್ತು ವಾಪಸು ಬಂತು. ಎರಡನೇ ಸಭೆಯಲ್ಲಿ ಮತ್ತೆ ಬರೆಸಿದರು. ಎರಡು ಮಳೆಗಾಲ ಕಳೆದ ಮೇಲೆ ಕಲ್ಲು, ಮರಳು ಬಂದು ಬಿತ್ತು. ಗೋಡೆ ಮೂರನೇ ತರಗತಿಯ ಹಿಂದಿನವರೆಗೆ ಬಂದು ನಿಂತಿದೆ, ನಾಲ್ಕನೆಯದರ ಹಿಂದೆ ಇನ್ನೂ ಹಸಿ ಬರೆ. ಮೊನ್ನೆ ಪೇಟೆಯಲ್ಲಿ ಸಿಕ್ಕಿದಳು. ಚೀಲದಿಂದ ಮಡಚಿದ ಕಾಗದ ತೆಗೆದಳು, ಮುಂದಿನ ಗ್ರಾಮಸಭೆಯ ನೋಟೀಸು. 'ಮಾಸ್ಟ್ರೇ, ಈ ಸಲದ ಪಟ್ಟಿ ಮೊದಲೇ ಕೈಗೆ ಸಿಗುವ ಹಾಗೆ ಅರ್ಜಿ ಬರೆದುಕೊಡಿ. ಓದಲು ನನಗೆ ಎರಡು ದಿನ ಬೇಕು' ಎಂದಳು.

ಅರ್ಜಿ ನನ್ನ ಜೇಬಿನಲ್ಲೇ ಇದೆ. ನಿಮ್ಮಲ್ಲಿ ಅಕ್ಷರ ಚೆನ್ನಾಗಿರುವವರು ಯಾರು? ಮುಂದೆ ಬನ್ನಿ, ಇದರ ಒಂದು ಪ್ರತಿ ಬರೆಯಬೇಕು.